ಬಾಗಿಲು ಅಗಲವಾದಾಗಲೆಲ್ಲ

ಪುಣೆಯ ಪಶ್ಚಿಮ ಅಂಚಿನ ಹಿಂಜವಾಡಿ ಈಗ ಐಟಿ ಕಂಪನಿಗಳ ಊರು. ಅದರ ಎರಡು ದಿಕ್ಕಿಗೆ ಎರಡು ದೊಡ್ಡ ಕ್ರೀಡಾಂಗಣಗಳಿವೆ. ಪೂರ್ವಕ್ಕೆ, ಮುಳಾ ನದಿಯ ಆಚೆ, ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕೀರ್ಣ. ಇದು 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. ಉತ್ತರಕ್ಕೆ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ, ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಗಹುಂಜೆ ಕ್ರೀಡಾಂಗಣ. ಇದು ಉದ್ಘಾಟನೆಯಾದದ್ದು 2012ರಲ್ಲಿ. ಊರ ಮಗ್ಗುಲಲ್ಲೇ ಹಾಯುವ ಹೆದ್ದಾರಿ ಸಾತಾರಾ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಂಗಳೂರು ಸೇರುತ್ತದೆ. ಆ ದಾರಿಯಲ್ಲಿ ಬಂದು ಇಲ್ಲಿ ನೆಲೆಸಿದ ಕನ್ನಡಿಗರು ಸಾಕಷ್ಟು.

ಅಕ್ಟೋಬರ್ ಬಂತೆಂದರೆ ಇಂಥ ಊರಲ್ಲಿ ಎರಡು ಆಟಗಳ ಮಾತು ಒಟ್ಟಿಗೆ ಶುರುವಾಗುತ್ತದೆ. ಒಂದು ರಣಜಿ ಟ್ರೋಫಿ. ಇನ್ನೊಂದು, ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಮೊಬೈಲಿನಲ್ಲಿ ನೋಡಲು ಸಿಗುವ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್, ಎನ್‌ಬಿಎ. ಆ ಲೀಗಿನ ಪ್ರತಿ ಋತುವಿಗೂ ಮುನ್ನ ತಪ್ಪದೆ ಏಳುವ ಒಂದು ಪ್ರಶ್ನೆಯಿದೆ: ಈ ಸಲ ಯಾವ ಕಾನ್ಫರೆನ್ಸ್ ಬಲಶಾಲಿ, ಪೂರ್ವದ್ದೋ ಪಶ್ಚಿಮದ್ದೋ?

ಕಾನ್ಫರೆನ್ಸ್ ಎಂದರೆ ಕನ್ನಡದ ಕಿವಿಗೆ ಸಮ್ಮೇಳನ; ವೇದಿಕೆ, ಹಾರ, ತುರಾಯಿ ಕಣ್ಣಮುಂದೆ ಬರುತ್ತವೆ. ಆಟದ ಮಟ್ಟಿಗೆ ಅದಕ್ಕೆ ಸರಿಹೊಂದುವ ಪದ ನಮ್ಮ ಕ್ರೀಡಾಪುಟಗಳಲ್ಲಿ ಬಹಳ ಹಿಂದಿನಿಂದಲೂ ಇದೆ: ವಲಯ. ಪಶ್ಚಿಮ ವಲಯ ಬಲವೋ, ದಕ್ಷಿಣ ವಲಯ ಬಲವೋ ಎಂಬ ವಾದವನ್ನು ಭಾರತದ ಕ್ರಿಕೆಟ್ ಹಲವು ದಶಕ ನಡೆಸಿದೆ. ಅದಕ್ಕೆ ಒಳ್ಳೆಯ ಉತ್ತರ ಕೊಡಬಲ್ಲ ತಂಡಗಳಲ್ಲಿ ಒಂದು ಪುಣೆಯದೇ.

ಒಳಗಿನ ಲೆಕ್ಕ, ಹೊರಗಿನ ಲೆಕ್ಕ

ಮೊದಲು ಬ್ಯಾಸ್ಕೆಟ್‌ಬಾಲಿನ ಲೆಕ್ಕ. ಎನ್‌ಬಿಎಯಲ್ಲಿ 30 ತಂಡಗಳು, ಒಂದೊಂದು ಕಾನ್ಫರೆನ್ಸಿನಲ್ಲಿ 15. ಸಾಮಾನ್ಯ ಋತುವಿನಲ್ಲಿ ಪ್ರತಿ ತಂಡಕ್ಕೆ 82 ಪಂದ್ಯ. ಅದರಲ್ಲಿ 52 ತನ್ನದೇ ಕಾನ್ಫರೆನ್ಸಿನ ಒಳಗೆ, 30 ಆಚೆಯವರ ಎದುರು. ಇಲ್ಲಿ ಸುಲಭವಾಗಿ ಮರೆತುಹೋಗುವ ಒಂದು ಸಂಗತಿಯಿದೆ. ಒಳಗೆ ಆಡಿದ ಪಂದ್ಯಗಳು ಆ ಕಾನ್ಫರೆನ್ಸಿನ ಬಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಬ್ಬರ ಗೆಲುವು ಇನ್ನೊಬ್ಬರ ಸೋಲು; ಕೂಡಿ ಕಳೆದರೆ ಗೆಲುವೂ ಸೋಲೂ ಸಮ. ಹದಿನೈದು ಮಂದಿ ಜಟ್ಟಿಗಳೇ ಇರಲಿ, ಹದಿನೈದು ಮಂದಿ ಸಣಕಲರೇ ಇರಲಿ, ಅವರವರೇ ಕುಸ್ತಿ ಹಿಡಿದರೆ ಅರ್ಧ ಗೆಲುವು, ಅರ್ಧ ಸೋಲು. ಬಲದ ಅಂದಾಜು ಸಿಗುವುದು ಆಚೆಯವರ ಜತೆ ಆಡಿದಾಗ ಮಾತ್ರ.

2013-14ರ ಋತು ಇದಕ್ಕೆ ಚೆನ್ನಾದ ಉದಾಹರಣೆ. ಆ ವರ್ಷ ಪೂರ್ವ–ಪಶ್ಚಿಮಗಳ ನಡುವೆ ನಡೆದ 450 ಪಂದ್ಯಗಳಲ್ಲಿ ಪಶ್ಚಿಮದ ತಂಡಗಳು 284 ಗೆದ್ದವು. ಆದರೂ ಪ್ಲೇಆಫ್‌ಗೆ ಎರಡೂ ಕಡೆಯಿಂದ ಎಂಟೆಂಟು ತಂಡ. ಪರಿಣಾಮವಾಗಿ ಪಶ್ಚಿಮದ ಫೀನಿಕ್ಸ್ ಸನ್ಸ್ 48 ಪಂದ್ಯ ಗೆದ್ದು, 34 ಸೋತು, ಒಂಬತ್ತನೆಯದಾಗಿ ಮನೆಗೆ ಹೋಯಿತು. ಪೂರ್ವದ ಅಟ್ಲಾಂಟಾ ಹಾಕ್ಸ್ 38 ಗೆದ್ದು, 44 ಸೋತು, ಎಂಟನೆಯದಾಗಿ ಒಳಗೆ ಬಂತು. ಪೂರ್ವದಲ್ಲಿ ಮೂರನೇ, ನಾಲ್ಕನೇ ಸ್ಥಾನದ ತಂಡಗಳು ಗೆದ್ದದ್ದೂ ಫೀನಿಕ್ಸಿನಷ್ಟೇ, 48. ಆಚೆ ಮೂರನೆಯವರಿಗೆ ಸಮನಾಗಿ ನಿಲ್ಲಬಹುದಾಗಿದ್ದ ತಂಡ ಈಚೆ ಬಾಗಿಲ ಹೊರಗೆ ಉಳಿಯಿತು.

ಹಾಗಾಗಿ ಕಾನ್ಫರೆನ್ಸ್ ಬಲದ ಪ್ರಶ್ನೆ ಬರೀ ಹರಟೆಯದಲ್ಲ. ಗೋಡೆ ಎಲ್ಲಿ ಕಟ್ಟಿದೆ, ಬಾಗಿಲು ಎಷ್ಟು ಅಗಲವಿದೆ ಎಂಬುದರ ಮೇಲೆ ಯಾರ ವರ್ಷ ಯಾವಾಗ ಮುಗಿಯುತ್ತದೆ ಎಂಬುದು ನಿಂತಿದೆ. ಅಮೆರಿಕದ ಆ ತಂಡಕ್ಕೆ ಕನಿಷ್ಠ 30 ಪಂದ್ಯಗಳಾದರೂ ಆಚೆಯವರ ಎದುರು ಸಿಕ್ಕಿದ್ದವು. ರಣಜಿಯ ವಲಯಗಳಲ್ಲಿ ಅಷ್ಟೂ ಇರಲಿಲ್ಲ.

ಒಂದೇ ದಿನದ ಋತು

ರಣಜಿ ಟ್ರೋಫಿ ಶುರುವಾದದ್ದು 1934-35ರಲ್ಲಿ. ಆಗ ದೇಶವಿನ್ನೂ ಪ್ರಾಂತಗಳು ಮತ್ತು ಸಂಸ್ಥಾನಗಳ ಕಲಬೆರಕೆ. ಒಂದು ಕಡೆ ಬಾಂಬೆ, ಮದ್ರಾಸ್, ಇನ್ನೊಂದು ಕಡೆ ಮೈಸೂರು, ಹೈದರಾಬಾದ್. ದೂರದ ರೈಲು ಪ್ರಯಾಣ, ಖರ್ಚು, ರಜೆ ಇವೆಲ್ಲವನ್ನೂ ನೋಡಿದರೆ ಹತ್ತಿರದವರು ಹತ್ತಿರದವರ ಜತೆ ಮೊದಲು ಆಡುವುದೇ ಸರಿ ಎನ್ನಿಸುವಂತಿತ್ತು. ತಂಡಗಳನ್ನು ಭೂಗೋಳದ ಪ್ರಕಾರ ವಲಯಗಳಾಗಿ ಹಂಚಿದರು. ವಲಯದೊಳಗೆ ನಾಕೌಟ್: ಒಮ್ಮೆ ಸೋತರೆ ಆ ವರ್ಷಕ್ಕೆ ಮುಗಿಯಿತು. ವಲಯ ಗೆದ್ದವರು ಮಾತ್ರ ಆಚೆಯ ವಲಯದವರನ್ನು ಕಾಣುತ್ತಿದ್ದರು.

ಇದು ಎಷ್ಟು ಕಠಿಣವಾಗಿತ್ತು ಎಂಬುದನ್ನು ಟೂರ್ನಿಯ ಮೊದಲ ಪಂದ್ಯವೇ ತೋರಿಸಿತು. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮೈಸೂರು ತಂಡ ಮದ್ರಾಸಿನ ಎದುರು ಆಡಿತು. ಮೈಸೂರು ಮೊದಲು 48ಕ್ಕೆ, ಆಮೇಲೆ 59ಕ್ಕೆ ಆಲೌಟ್. ಮದ್ರಾಸ್ ಹೊಡೆದದ್ದು 130 ಮಾತ್ರ, ಆದರೂ ಇನಿಂಗ್ಸ್ ಮತ್ತು 23 ರನ್‌ಗಳ ಗೆಲುವು. ಎ.ಜಿ. ರಾಮ್‌ಸಿಂಗ್ 11 ವಿಕೆಟ್ ಕಿತ್ತರು. ಎಲ್ಲವೂ ಒಂದೇ ದಿನದಲ್ಲಿ. ಮೈಸೂರಿನ ಮೊದಲ ರಣಜಿ ಋತು ಸೂರ್ಯ ಮುಳುಗುವುದರೊಳಗೆ ಮುಗಿದಿತ್ತು. ಬೇರೆ ಯಾವ ವಲಯದ ಯಾವ ತಂಡಕ್ಕಿಂತ ಮೈಸೂರು ಮೇಲು, ಯಾವುದಕ್ಕಿಂತ ಕೀಳು ಎಂದು ಹೇಳಲು ಆ ವರ್ಷ ಯಾರ ಬಳಿಯೂ ಪುರಾವೆ ಇರಲಿಲ್ಲ.

ಪಶ್ಚಿಮ ವಲಯದಲ್ಲಿ ಮಹಾರಾಷ್ಟ್ರ ಎಂಬ ತಂಡ ಬಾಂಬೆಯ ನೆರೆಯಲ್ಲಿ ಬೆಳೆಯಿತು. ಬಾಂಬೆಯದು ಬೇರೆ ತಂಡ. ಮಹಾರಾಷ್ಟ್ರ ತಂಡದ ಮನೆ ಪುಣೆ. ಅದರ ನಾಯಕ ಡಿ.ಬಿ. ದೇವಧರ್, ಪುಣೆಯ ಎಸ್.ಪಿ. ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಪ್ರಾಧ್ಯಾಪಕರು. ಅವರ ನಾಯಕತ್ವದಲ್ಲಿ ಮಹಾರಾಷ್ಟ್ರ 1939-40 ಮತ್ತು 1940-41ರಲ್ಲಿ ಸತತ ಎರಡು ಸಲ ರಣಜಿ ಗೆದ್ದಿತು. ಸಾಂಗ್ಲಿಯಲ್ಲಿ ಹುಟ್ಟಿದ ವಿಜಯ ಹಜಾರೆ 1939-40ರಲ್ಲಿ ಪುಣೆಯಲ್ಲೇ ಬರೋಡಾ ವಿರುದ್ಧ ಅಜೇಯ 316 ಹೊಡೆದರು. ಮರುವರ್ಷ ಬಾಂಬೆ ವಿರುದ್ಧ ದೇವಧರ್ 246 ಹೊಡೆದಾಗ ಅವರಿಗೆ ವಯಸ್ಸು ಐವತ್ತರ ಹತ್ತಿರ.

ಅಂದರೆ ಪಶ್ಚಿಮ ವಲಯದಲ್ಲಿ ಬಾಂಬೆ ಒಂದೇ ಅಲ್ಲ, ಇನ್ನೂ ಬಲಶಾಲಿಗಳಿದ್ದಾರೆ ಎಂಬುದು ಆಗಲೇ ಗೊತ್ತಾಗಿತ್ತು. ಆದರೆ ಒಂದು ವರ್ಷಕ್ಕೆ ವಲಯದಿಂದ ಒಬ್ಬರೇ ಹೊರಗೆ ಬರಬಹುದಿತ್ತು. ಒಳಗೆ ಉಳಿದವರು ಎಷ್ಟು ಬಲಶಾಲಿಗಳೆಂದು ಅಳೆಯುವ ದಾರಿ ಇರಲಿಲ್ಲ.

ಗೋಡೆ ಇಲ್ಲದ ಒಂದು ವರ್ಷ

ಅಂಥ ದಾರಿ ಒಂದೇ ಒಂದು ವರ್ಷ ತೆರೆಯಿತು. ರಣಜಿಯ ಆರಂಭದಿಂದ 2001-02ರವರೆಗೆ ತಂಡಗಳನ್ನು ವಲಯಗಳಾಗಿ ಹಂಚದೆ ಆಡಿಸಿದ ಋತು 1948-49 ಮಾತ್ರ.

ಆ ವರ್ಷ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರ ಕಾಠಿಯಾವಾಡದ ಎದುರು ಆಡುವಾಗ ಕೊಲ್ಲಾಪುರದಲ್ಲಿ ಹುಟ್ಟಿದ ಬಿ.ಬಿ. ನಿಂಬಾಳ್ಕರ್ 443 ರನ್ನಿಗೆ ಅಜೇಯರಾಗಿ ನಿಂತಿದ್ದರು. ಆಗಿನ ವಿಶ್ವದಾಖಲೆ ಬ್ರಾಡ್ಮನ್ನರ ಅಜೇಯ 452. ಮುರಿಯಲು ಇನ್ನು 10 ರನ್ ಸಾಕಿತ್ತು. ಮಹಾರಾಷ್ಟ್ರದ ಮೊತ್ತ 4 ವಿಕೆಟ್‌ಗೆ 826. ಕಾಠಿಯಾವಾಡದವರು ಇನ್ನು ಆಡುವುದಿಲ್ಲವೆಂದು ಪಂದ್ಯ ಬಿಟ್ಟುಕೊಟ್ಟು ಹೊರಟರು. ಈ ಕಥೆ ಕ್ರಿಕೆಟ್ ಪ್ರಿಯರಿಗೆ ಗೊತ್ತಿರುವುದೇ. ಅದೇ ಋತುವಿನ ಮುಂದಿನ ಭಾಗ ಅಷ್ಟು ಪ್ರಚಾರದಲ್ಲಿಲ್ಲ.

1949ರ ಮಾರ್ಚಿನಲ್ಲಿ, ಪುಣೆಯಲ್ಲೇ, ಸೆಮಿಫೈನಲ್: ಬಾಂಬೆ ಮತ್ತು ಮಹಾರಾಷ್ಟ್ರ. ಬಾಂಬೆ 651, ಮಹಾರಾಷ್ಟ್ರ 407. ಬಾಂಬೆ ಮತ್ತೆ 8 ವಿಕೆಟ್‌ಗೆ 714, ಮಹಾರಾಷ್ಟ್ರ 604. ಬಾಂಬೆಗೆ 354 ರನ್‌ಗಳ ಗೆಲುವು. ನಾಲ್ಕು ಇನಿಂಗ್ಸ್ ಕೂಡಿದರೆ 2,376 ರನ್. ಪ್ರಥಮ ದರ್ಜೆ ಕ್ರಿಕೆಟ್‌ನ ಒಂದು ಪಂದ್ಯದಲ್ಲಿ ಅಷ್ಟು ರನ್ ಅದಕ್ಕೆ ಮೊದಲು ಬಂದಿರಲಿಲ್ಲ. ಫೈನಲ್‌ನಲ್ಲಿ ಬಾಂಬೆಗೆ ಎದುರಾದದ್ದು ಬರೋಡಾ. ಬಾಂಬೆ ಗೆದ್ದಿತು.

ಎಂದಿನ ಹಂಚಿಕೆಯಲ್ಲಿ ಬಾಂಬೆ, ಮಹಾರಾಷ್ಟ್ರ, ಬರೋಡಾ ಮೂರೂ ಪಶ್ಚಿಮ ವಲಯದವು. ಮೂರರಲ್ಲಿ ಒಂದಕ್ಕೆ ಮಾತ್ರ ಹೊರಗೆ ಬರಲು ಅವಕಾಶ. ಗೋಡೆ ಎತ್ತಿದ ಒಂದೇ ವರ್ಷ ಕೊನೆಯ ನಾಲ್ಕರಲ್ಲಿ ಮೂರು ಜಾಗ ಅವೇ ಹಿಡಿದವು. ಪಶ್ಚಿಮ ವಲಯದ ಬಲಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಮುಂದಿನ ವರ್ಷ ವಲಯಗಳು ಮರಳಿದವು.

ಹನ್ನೆರಡು ವರ್ಷ

1957-58ರಿಂದ ವಲಯದೊಳಗಿನ ನಾಕೌಟ್ ಹೋಗಿ ಲೀಗ್ ಬಂತು. ಒಂದೇ ಸೋಲಿಗೆ ವರ್ಷ ಮುಗಿಯುವ ಅನ್ಯಾಯ ತಪ್ಪಿತು, ಎಲ್ಲರಿಗೂ ನಾಲ್ಕಾರು ಪಂದ್ಯ ಸಿಕ್ಕವು. ಆದರೆ ಹೊರಗೆ ಹೋಗುವ ಬಾಗಿಲು ಅಷ್ಟೇ ಕಿರಿದು: ವಲಯಕ್ಕೆ ಒಬ್ಬರು.

ಮರುವರ್ಷದಿಂದಲೇ ಬಾಂಬೆಯ ಯುಗ. 1958-59ರಿಂದ 1972-73ರವರೆಗೆ, ಸತತ 15 ವರ್ಷ, ರಣಜಿ ಬಾಂಬೆಯದು. ಈ ಹದಿನೈದನ್ನು ಬಾಂಬೆಯ ಹಿರಿಮೆಯೆಂದು ಹೇಳುವುದು ವಾಡಿಕೆ, ಅದು ನಿಜ ಕೂಡ. ಅದನ್ನೇ ವಲಯದ ಕಡೆಯಿಂದ ನೋಡಿದರೆ ಬೇರೆ ಚಿತ್ರ. 1969-70ರವರೆಗಿನ 12 ಋತುಗಳಲ್ಲಿ ಪಶ್ಚಿಮದ ಒಂದೇ ಟಿಕೆಟ್ ಪ್ರತಿ ವರ್ಷವೂ ಬಾಂಬೆಯ ಕಿಸೆಗೆ ಹೋಯಿತು. ಮಹಾರಾಷ್ಟ್ರ, ಬರೋಡಾ, ಗುಜರಾತ್, ಸೌರಾಷ್ಟ್ರಗಳಿಗೆ ಹನ್ನೆರಡು ವರ್ಷ ವಲಯದ ಗಡಿ ದಾಟಲು ಆಗಲಿಲ್ಲ. ಹನ್ನೆರಡು ವರ್ಷ ಒಬ್ಬ ಆಟಗಾರನ ಪೂರ್ತಿ ಆಯುಷ್ಯ. ಇಪ್ಪತ್ತರಲ್ಲಿ ತಂಡ ಸೇರಿದವನು ಮೂವತ್ತು ದಾಟಿ ಬಿಡುವವರೆಗೂ ಒಂದು ರಣಜಿ ಸೆಮಿಫೈನಲ್ ಕಾಣದೆ ಹೋಗಬಹುದಿತ್ತು. ಪುಣೆಯ ಚಂದು ಬೋರ್ಡೆ 1967ರಲ್ಲಿ ಅಡಿಲೇಡಿನಲ್ಲಿ ಭಾರತ ತಂಡವನ್ನೇ ಮುನ್ನಡೆಸಿದ ಆಟಗಾರ; ಅವರಿದ್ದ ಮಹಾರಾಷ್ಟ್ರಕ್ಕೂ ಆ ವರ್ಷಗಳಲ್ಲಿ ಬಾಗಿಲು ಮುಚ್ಚಿಯೇ ಇತ್ತು.

ಅದೇ ಹೊತ್ತಿನಲ್ಲಿ ಮಧ್ಯ ವಲಯದಿಂದ ರಾಜಸ್ಥಾನ ಫೈನಲ್ ಮೇಲೆ ಫೈನಲ್ ತಲುಪುತ್ತಿತ್ತು. 1960-61ರಿಂದ 1969-70ರೊಳಗೆ ಏಳು ಸಲ. ಏಳೂ ಸಲ ಬಾಂಬೆಗೆ ಸೋಲು. ಇಲ್ಲಿ ಆತುರದ ತೀರ್ಮಾನ ಬೇಡ. ಮಧ್ಯ ವಲಯ ಸಡಿಲವಾಗಿತ್ತು, ಅದಕ್ಕೇ ರಾಜಸ್ಥಾನಕ್ಕೆ ದಾರಿ ಸುಲಭವಾಯಿತು ಎನ್ನಬಹುದು. ಸಲೀಂ ದುರಾನಿ, ಹನುಮಂತ ಸಿಂಗ್ ಇದ್ದ ತಂಡ ಯಾವ ವಲಯದಲ್ಲಿದ್ದರೂ ಮೇಲೆ ಬರುತ್ತಿತ್ತು ಎಂದೂ ಹೇಳಬಹುದು. ಒಂದೇ ಅಂಕಿ ಎರಡು ಕಥೆಗೂ ಒಪ್ಪುತ್ತದೆ. ವಲಯದಿಂದ ಒಬ್ಬರೇ ಹೊರಬಂದಾಗ ಆಗುವ ತೊಡಕು ಇದು: ಮೊದಲನೆಯವರ ಬಲ ಕಾಣುತ್ತದೆ, ಎರಡನೆಯವರದು ಕಾಣುವುದಿಲ್ಲ. ವಲಯದ ಬಲ ಇರುವುದೋ ಎರಡನೆಯವರಲ್ಲಿ, ಮೂರನೆಯವರಲ್ಲಿ.

1970-71ರಲ್ಲಿ ನಿಯಮ ಬದಲಾಯಿತು. ಪ್ರತಿ ವಲಯದಿಂದ ಇಬ್ಬರಿಗೆ ಅವಕಾಶ. ಐದು ವಲಯ, ಹತ್ತು ತಂಡ. ಬಾಗಿಲು ಎರಡಾಳಿನಷ್ಟು ಅಗಲವಾದ ಆ ಮೊದಲ ವರ್ಷವೇ ಫೈನಲ್‌ಗೆ ಬಂದವರು ಬಾಂಬೆ ಮತ್ತು ಮಹಾರಾಷ್ಟ್ರ. ಹನ್ನೆರಡು ವರ್ಷ ವಲಯದೊಳಗೇ ಕಮರಿದ ತಂಡ, ದಾರಿ ಸಿಕ್ಕ ತಕ್ಷಣ ದೇಶದ ಕೊನೆಯ ಎರಡರಲ್ಲಿ ಒಂದಾಯಿತು. ಗಾವಸ್ಕರ್, ವಾಡೇಕರ್, ಸರ್‌ದೇಸಾಯಿ, ಸೋಳ್ಕರ್ ಎಲ್ಲ ಭಾರತ ತಂಡದ ಜತೆ ವೆಸ್ಟ್ ಇಂಡೀಸ್‌ನಲ್ಲಿದ್ದರು. ಸುಧೀರ್ ನಾಯಕ್ ಮುಂದಾಳತ್ವದಲ್ಲಿ ಆಡಿದ ಬಾಂಬೆ 48 ರನ್ನಿನಿಂದ ಉಳಿದುಕೊಂಡಿತು. ಎನ್‌ಬಿಎ ತನ್ನ ತಂಡಗಳನ್ನು ಪೂರ್ವ, ಪಶ್ಚಿಮ ಕಾನ್ಫರೆನ್ಸುಗಳಾಗಿ ವಿಂಗಡಿಸಿದ್ದೂ ಅದೇ 1970-71ರ ಋತುವಿನಲ್ಲಿ. ಅಲ್ಲಿ ಗೋಡೆಗೆ ಹೊಸ ಹೆಸರು ಸಿಗುತ್ತಿದ್ದಾಗ ಇಲ್ಲಿ ಗೋಡೆಯ ಬಾಗಿಲು ಅಗಲವಾಗುತ್ತಿತ್ತು.

ದಕ್ಷಿಣದ ಕಡೆಯಿಂದ

ಕನ್ನಡಿಗರಿಗೆ ಸಹಜವಾಗಿ ದಕ್ಷಿಣ ವಲಯದ ಮೇಲೆ ಅಭಿಮಾನ. ಅದಕ್ಕೆ ಆಧಾರವೂ ಇದೆ. ಬಾಂಬೆಯ ಆ ಹದಿನೈದು ವರ್ಷಗಳಲ್ಲಿ ದಕ್ಷಿಣದಿಂದ ಫೈನಲ್ ತಲುಪಿದವರು ನಾಲ್ಕು ಸಲ: 1959-60ರಲ್ಲಿ ಮೈಸೂರು, 1964-65ರಲ್ಲಿ ಹೈದರಾಬಾದ್, 1967-68ರಲ್ಲಿ ಮದ್ರಾಸ್, 1972-73ರಲ್ಲಿ ಅದೇ ತಂಡ ತಮಿಳುನಾಡು ಎಂಬ ಹೊಸ ಹೆಸರಿನಲ್ಲಿ. ನಾಲ್ಕು ಸಲಕ್ಕೆ ಮೂರು ಬೇರೆ ತಂಡ. ಒಬ್ಬನೇ ಯಜಮಾನನಿಲ್ಲದ, ಮೂವರು ಸಮಬಲರಿದ್ದ ವಲಯದ ಗುರುತು ಇದು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಒಂದು ಕಡೆ, ವೆಂಕಟರಾಘವನ್, ವಿ.ವಿ. ಕುಮಾರ್ ಇನ್ನೊಂದು ಕಡೆ. ಜಯಸಿಂಹ, ಪಟೌಡಿ, ಅಬೀದ್ ಅಲಿ ಮತ್ತೊಂದು ಕಡೆ. ಇವರು ಪ್ರತಿ ವರ್ಷ ಮೊದಲು ಒಬ್ಬರನ್ನೊಬ್ಬರು ಸೋಲಿಸಬೇಕಿತ್ತು.

ಬಾಂಬೆಯ ಸರಪಳಿ ಕಡಿದದ್ದೂ ಈ ವಲಯವೇ. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾಯಿತು. ಅದೇ ಋತುವಿನಲ್ಲಿ, 1974ರ ಮಾರ್ಚಿನಲ್ಲಿ, ಬೆಂಗಳೂರಿನ ಸೆಮಿಫೈನಲ್‌ಗೆ ಬಾಂಬೆ ಬಂತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕರ್ನಾಟಕ ಫೈನಲ್ ಸೇರಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊದಲ ಸಲ ರಣಜಿ ಗೆದ್ದಿತು. ದಕ್ಷಿಣಕ್ಕೂ ತನ್ನವರದೇ ಫೈನಲ್ ಒಂದು ದಿನ ಸಿಕ್ಕಿತು: 1995-96ರಲ್ಲಿ ಚೆನ್ನೈನಲ್ಲಿ ಕರ್ನಾಟಕ ಮತ್ತು ತಮಿಳುನಾಡು ಎದುರುಬದುರಾದವು, ಕರ್ನಾಟಕ ಗೆದ್ದಿತು. ವಲಯದಿಂದ ಒಬ್ಬರೇ ಹೊರಬರುವ ಹಳೆಯ ನಿಯಮ ಇದ್ದಿದ್ದರೆ ಇಂಥ ಫೈನಲ್ ಸಾಧ್ಯವೇ ಇರಲಿಲ್ಲ.

ಅದಕ್ಕೆ ಮೂರು ವರ್ಷ ಮೊದಲು, 1992-93ರಲ್ಲಿ, ಬಾಗಿಲು ಇನ್ನಷ್ಟು ಅಗಲವಾಗಿತ್ತು: ವಲಯಕ್ಕೆ ಮೂವರು. ಆ ವರ್ಷದ ಫೈನಲ್ ಲುಧಿಯಾನದಲ್ಲಿ. ಒಂದು ಕಡೆ ಪಂಜಾಬ್. ಇನ್ನೊಂದು ಕಡೆ, ಮತ್ತೆ, ಮಹಾರಾಷ್ಟ್ರ. ಪಂಜಾಬ್ ಗೆದ್ದಿತು.

ಹನ್ನೊಂದು ಜನರೋ, ಐದನೇ ತಂಡವೋ

ಎರಡು ವಲಯಗಳನ್ನು ನೇರವಾಗಿ ಆಡಿಸಿಯೇ ನೋಡಬಹುದಲ್ಲ ಎಂದರೆ, ಅದನ್ನೂ ಮಾಡಿದರು. 1961-62ರಲ್ಲಿ ದುಲೀಪ್ ಟ್ರೋಫಿ ಶುರುವಾಯಿತು. ಪ್ರತಿ ವಲಯ ತನ್ನ ತಂಡಗಳಿಂದ ಹನ್ನೊಂದು ಜನರನ್ನು ಆರಿಸಿ ಕಳಿಸಬೇಕು. ಮೊದಲ ಫೈನಲ್‌ನಲ್ಲಿ ಪಶ್ಚಿಮ ದಕ್ಷಿಣವನ್ನು ಸೋಲಿಸಿತು. 1963-64ರಲ್ಲಿ ಎರಡೂ ಟ್ರೋಫಿ ಹಂಚಿಕೊಂಡವು. 1965-66 ಮತ್ತು 1966-67 ದಕ್ಷಿಣದ ಪಾಲು. 1973-74ರಲ್ಲಿ ಸೀಮಿತ ಓವರುಗಳಿಗೂ ವಲಯಗಳ ಟೂರ್ನಿ ಬಂತು. ಪುಣೆಯ ಪ್ರಾಧ್ಯಾಪಕರ ಗೌರವಾರ್ಥ ಅದಕ್ಕೆ ದೇವಧರ್ ಟ್ರೋಫಿ ಎಂದು ಹೆಸರು. ಮೊದಲ ವರ್ಷ ಅದನ್ನು ಗೆದ್ದದ್ದು ದಕ್ಷಿಣ ವಲಯ.

ಆದರೆ ದುಲೀಪ್ ಅಳೆದದ್ದು ಬೇರೆ ವಸ್ತು. ವಲಯದ ಅತ್ಯುತ್ತಮ ಹನ್ನೊಂದು ಜನ ಎಷ್ಟು ಬಲಶಾಲಿಗಳು ಎಂಬುದನ್ನು ಅದು ಹೇಳಬಲ್ಲದು. ವಲಯದಲ್ಲಿ ಐದನೇ ಸ್ಥಾನದ ತಂಡ ಎಷ್ಟು ಗಟ್ಟಿ, ಅದನ್ನು ಸೋಲಿಸಲು ಎಷ್ಟು ಬೆವರು ಬೇಕು ಎಂಬುದನ್ನು ಅದು ಹೇಳುವುದಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲೂ ಋತುವಿಗೆ ಮುಂಚಿನ ವಾದದಲ್ಲಿ ಇದೇ ಗೊಂದಲ. ಒಬ್ಬರು ಚಾಂಪಿಯನ್ ಯಾವ ಕಡೆಯಿಂದ ಬರಬಹುದೆಂದು ಕೇಳಿಕೊಂಡು ಬಲ ಹೇಳುತ್ತಾರೆ. ಇನ್ನೊಬ್ಬರು ಹತ್ತನೇ ತಂಡ ಹೇಗಿದೆ ಎಂದು ನೋಡಿ ಬಲ ಹೇಳುತ್ತಾರೆ. ಇಬ್ಬರೂ ಬಲ ಎಂಬ ಒಂದೇ ಪದ ಬಳಸುವುದರಿಂದ ಜಗಳ ಮುಗಿಯುವುದಿಲ್ಲ. ಶಿಖರದ ಎತ್ತರ ಬೇರೆ, ನೆಲದ ಎತ್ತರ ಬೇರೆ.

ಪಣಕ್ಕಿದ್ದದ್ದು ಮಾತ್ರ ಸಣ್ಣದಲ್ಲ. ರಾಷ್ಟ್ರೀಯ ತಂಡದ ಆಯ್ಕೆ ಸಮಿತಿಯಲ್ಲಿ ವಲಯಕ್ಕೊಬ್ಬರಂತೆ ಐವರು ಕೂರುವ ಪದ್ಧತಿ ದಶಕಗಟ್ಟಲೆ ನಡೆಯಿತು. ಬಲದ ವಲಯದ ಎರಡನೇ ತಂಡದಲ್ಲಿ ಆಡುವ ಹುಡುಗನಿಗೆ ದೊಡ್ಡ ಪಂದ್ಯವೇ ಸಿಗದಿದ್ದರೆ ಅವನ ಆಟ ಆಚೆ ವಲಯದವರ ಕಣ್ಣಿಗೆ ಬೀಳುವುದೆಲ್ಲಿ? ಭಾಷೆಯ ಗಡಿಗೂ ಈ ಗಡಿಗೂ ಹೊಂದಾಣಿಕೆ ಇರಲಿಲ್ಲ. ಕನ್ನಡ ಮಾತಾಡುವ ಅಕ್ಕಲಕೋಟೆ, ಜತ್ತ ಪಶ್ಚಿಮ ವಲಯಕ್ಕೆ. ಪಕ್ಕದ ವಿಜಯಪುರ, ಬೆಳಗಾವಿ ದಕ್ಷಿಣಕ್ಕೆ. ಇಲ್ಲಿಯ ಹುಡುಗನ ಎದುರಿಗೆ ಬಾಂಬೆ, ಅಲ್ಲಿಯವನ ಎದುರಿಗೆ ಮದ್ರಾಸ್.

ಬಾಲೇವಾಡಿಯ ಎರಡು ಋತು

ವಲಯಗಳ ಆಟ ಹಿಂಜವಾಡಿಯ ನೆರೆಗೆ ಬಂದದ್ದು ಕಬಡ್ಡಿಯ ಮೂಲಕ. ಪ್ರೊ ಕಬಡ್ಡಿ ಲೀಗ್ 2017ರಲ್ಲಿ ಹನ್ನೆರಡು ತಂಡಗಳಿಗೆ ಬೆಳೆದಾಗ ಅಮೆರಿಕದ ಮಾದರಿಯಂತೆ ಎರಡು ವಲಯ ಮಾಡಿದರು. ‘ಎ’ಯಲ್ಲಿ ಪುಣೇರಿ ಪಲ್ಟನ್, ಯು ಮುಂಬಾ, ಗುಜರಾತ್, ಜೈಪುರ, ಹರಿಯಾಣ, ದೆಹಲಿ. ‘ಬಿ’ಯಲ್ಲಿ ಬೆಂಗಳೂರು ಬುಲ್ಸ್, ತೆಲುಗು ಟೈಟನ್ಸ್, ತಮಿಳ್ ತಲೈವಾಸ್, ಪಟ್ನಾ, ಬೆಂಗಾಲ್, ಯುಪಿ. ಪ್ರತಿ ತಂಡಕ್ಕೆ 22 ಪಂದ್ಯ: ವಲಯದೊಳಗಿನ ಐವರ ಜತೆ ಮೂರು ಮೂರು ಸಲ, ಹೀಗೆ 15, ಆಚೆಯವರ ಜತೆ 7. ಎರಡೂ ಕಡೆಯಿಂದ ಮೂರು ಮೂರು ತಂಡ ಪ್ಲೇಆಫ್‌ಗೆ. ಪುಣೇರಿ ಪಲ್ಟನ್ ತವರಿನ ಪಂದ್ಯಗಳನ್ನು ಆಡಿದ್ದು ಬಾಲೇವಾಡಿಯಲ್ಲಿ.

ಎರಡು ಋತು ಹೀಗೆ ನಡೆಯಿತು. 2017ರ ಫೈನಲ್‌ನಲ್ಲಿ ಬಿ ವಲಯದ ಪಟ್ನಾ ಎ ವಲಯದ ಗುಜರಾತನ್ನು 55–38ರಿಂದ ಸೋಲಿಸಿತು. ಮುಂದಿನ ಋತುವಿನ ಫೈನಲ್ 2019ರ ಜನವರಿಯಲ್ಲಿ; ಪವನ್ ಸೆಹ್ರಾವತ್ ಒಬ್ಬರೇ 22 ರೇಡ್ ಅಂಕ ತಂದು ಬೆಂಗಳೂರು ಬುಲ್ಸ್ ಅದೇ ಗುಜರಾತನ್ನು 38–33ರಿಂದ ಮಣಿಸಿತು. ಎರಡು ಸಲವೂ ಬಿ ಗೆದ್ದಿತೆಂದು ಬಿ ವಲಯವೇ ಬಲವೆನ್ನುವುದು ಸುಲಭ. ಆದರೆ ಎರಡು ಫೈನಲ್ ಎಂದರೆ ಎರಡು ಪಂದ್ಯ. ಒಬ್ಬ ಆಟಗಾರನ ಒಂದು ಸಂಜೆಯನ್ನು ಆರು ತಂಡಗಳ ಬಲವೆಂದು ಎಣಿಸಲಾಗದು.

2019ರ ಏಳನೇ ಆವೃತ್ತಿಗೆ ವಲಯಗಳನ್ನು ಕೈಬಿಟ್ಟರು. ಹನ್ನೆರಡೂ ತಂಡ ಒಂದೇ ಪಟ್ಟಿಯಲ್ಲಿ. ಪ್ರತಿಯೊಬ್ಬರೂ ಉಳಿದ ಹನ್ನೊಂದು ಮಂದಿಯ ಜತೆ ಎರಡೆರಡು ಸಲ. ಲೆಕ್ಕ ಹಾಕಿದರೆ ಆಗಲೂ 22 ಪಂದ್ಯಗಳೇ. ಒಂದು ಪಂದ್ಯ ಹೆಚ್ಚಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಯಾರ ಜತೆ ಎಷ್ಟು ಸಲ ಎಂಬುದು ಮಾತ್ರ ಬದಲಾಯಿತು. ಯಾವ ವಲಯ ಬಲಶಾಲಿ ಎಂಬ ಪ್ರಶ್ನೆ ಆ ದಿನವೇ ಇಲ್ಲವಾಯಿತು.

ಸಿ ಗುಂಪಿನಿಂದ

ರಣಜಿ ಅಷ್ಟರೊಳಗೆ ತನ್ನ ದಾರಿ ಹಿಡಿದಿತ್ತು. 2002-03ರಲ್ಲಿ ಭೂಗೋಳದ ವಲಯಗಳು ಹೋಗಿ ಎಲೀಟ್, ಪ್ಲೇಟ್ ಎಂಬ ಮೇಲಿನ, ಕೆಳಗಿನ ದರ್ಜೆಗಳು ಬಂದವು. ಊರು ಎಲ್ಲಿದೆ ಎಂಬುದರ ಬದಲು ಹೋದ ವರ್ಷ ಹೇಗೆ ಆಡಿದಿರಿ ಎಂಬುದೇ ಗುಂಪನ್ನು ನಿರ್ಧರಿಸತೊಡಗಿತು. ಇದು ನ್ಯಾಯವೆಂದು ಕಾಣುತ್ತದೆ. ಆದರೆ ಇದರಲ್ಲೂ ಒಂದು ಊಹೆ ಅಡಗಿದೆ: ಹೋದ ವರ್ಷದ ಬಲವೇ ಈ ವರ್ಷದ ಬಲ ಎಂದು.

2012-13ರಿಂದ ಎ, ಬಿ, ಸಿ ಎಂಬ ಮೂರು ಗುಂಪು, ಒಂದೊಂದರಲ್ಲಿ ಒಂಬತ್ತು ತಂಡ. ಎ ಮತ್ತು ಬಿಯಿಂದ ಮೂರು ಮೂರು ತಂಡ ಕ್ವಾರ್ಟರ್‌ಫೈನಲ್‌ಗೆ, ಕೆಳಗಿನ ಸಿಯಿಂದ ಎರಡು. ಆ ಋತುವಿನಲ್ಲಿ ಕೇದಾರ್ ಜಾಧವ್ ಗಹುಂಜೆಯಲ್ಲಿ ಉತ್ತರ ಪ್ರದೇಶದ ವಿರುದ್ಧ 327 ಹೊಡೆದರೂ ಮಹಾರಾಷ್ಟ್ರ ತಂಡ ಕೆಳಗೆ ಜಾರಿತು. 2013-14ಕ್ಕೆ ಅದು ಸಿ ಗುಂಪಿನಲ್ಲಿ. ಋತುವಿಗೆ ಮುನ್ನ ಗುಂಪುಗಳ ಬಲ ತೂಗಿದ ಯಾರೂ ಸಿಯ ತಂಡವೊಂದಕ್ಕೆ ಟ್ರೋಫಿಯ ಆಸೆ ಕಟ್ಟುವ ಕಾರಣವಿರಲಿಲ್ಲ. ಸಿ ಎಂಬ ಅಕ್ಷರದ ಅರ್ಥವೇ ಅದಾಗಿತ್ತು.

ಆದರೆ ಸಿಗೂ ಎರಡು ಬಾಗಿಲು ಇಟ್ಟಿದ್ದರು. ಮಹಾರಾಷ್ಟ್ರ ಗುಂಪಿಗೆ ಮೊದಲಿಗನಾಗಿ ಬಂತು. ಕ್ವಾರ್ಟರ್‌ಫೈನಲ್‌ನಲ್ಲಿ, ವಾಂಖೆಡೆಯಲ್ಲೇ, ಮುಂಬೈಯನ್ನು 8 ವಿಕೆಟ್‌ಗಳಿಂದ ಸೋಲಿಸಿತು. ಇಂದೋರಿನ ಸೆಮಿಫೈನಲ್‌ನಲ್ಲಿ ಬಂಗಾಳದ ಎದುರು 10 ವಿಕೆಟ್‌ಗಳ ಗೆಲುವು. ಆ ಋತುವಿನಲ್ಲಿ ಕೇದಾರ್ ಜಾಧವ್ ಗಳಿಸಿದ್ದು 1,223 ರನ್, ದೇಶದಲ್ಲೇ ಅತಿ ಹೆಚ್ಚು. ಹೈದರಾಬಾದಿನ ಫೈನಲ್‌ನಲ್ಲಿ ಎದುರು ನಿಂತದ್ದು ಎ ಗುಂಪಿನ ಕರ್ನಾಟಕ.

ಮಹಾರಾಷ್ಟ್ರ 305 ಮತ್ತು 366. ಕರ್ನಾಟಕ 515, ಆಮೇಲೆ 3 ವಿಕೆಟ್‌ಗೆ 157. ಕೆ.ಎಲ್. ರಾಹುಲ್, ಗಣೇಶ್ ಸತೀಶ್ ಶತಕ ಹೊಡೆದರು. ವಿನಯ್ ಕುಮಾರ್ ಪಡೆ 7 ವಿಕೆಟ್‌ಗಳಿಂದ ಗೆದ್ದು, 1998-99ರ ನಂತರ ಮೊದಲ ಸಲ ಟ್ರೋಫಿ ಬೆಂಗಳೂರಿಗೆ ತಂದಿತು. 1940-41ರಿಂದ ಕಾಯುತ್ತಿದ್ದ ಪುಣೆ ಮತ್ತೆ ಕಾಯಬೇಕಾಯಿತು.

1948-49, 1970-71, 1992-93, 2013-14. ಗೋಡೆ ಬಿದ್ದ ವರ್ಷ, ಇಬ್ಬರಿಗೆ ಬಾಗಿಲು ತೆರೆದ ವರ್ಷ, ಮೂವರಿಗೆ ತೆರೆದ ವರ್ಷ, ಕೆಳಗಿನ ಗುಂಪಿಗೂ ದಾರಿ ಇಟ್ಟಿದ್ದ ವರ್ಷ. ನಾಲ್ಕೂ ಸಲ ಪುಣೆಯ ತಂಡ ಸೆಮಿಫೈನಲ್ ಇಲ್ಲವೇ ಫೈನಲ್‌ನಲ್ಲಿತ್ತು. ನಾಲ್ಕೂ ಸಲ ಸೋತಿತು. ನಾಲ್ಕು ಉದಾಹರಣೆಯಿಂದ ಸಿದ್ಧಾಂತ ಕಟ್ಟಲಾಗದು ನಿಜ. ತಂಡ ಮಧ್ಯೆ ಕುಸಿದ ವರ್ಷಗಳೂ ಬೇಕಾದಷ್ಟಿವೆ. ಆದರೆ ಗುಂಪಿನ ಬಲದ ಬಗ್ಗೆ ಮುಂಗಡವಾಗಿ ಮಾತಾಡುವಾಗ ಒಳಗೆ ಉಳಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನಲು ಅಷ್ಟು ಸಾಕು.

ಇದೇ ಪಾಠದ ಇನ್ನೊಂದು ಮುಖವನ್ನು ಕರ್ನಾಟಕ 2017-18ರಲ್ಲಿ ಕಂಡಿತು. ಮಹಾರಾಷ್ಟ್ರ ರಾಜ್ಯದ ಮೂರನೇ ತಂಡ ವಿದರ್ಭ. ವಲಯಗಳ ಕಾಲದಲ್ಲಿ ಮಧ್ಯ ವಲಯದಲ್ಲಿದ್ದು, ಒಮ್ಮೆಯೂ ರಣಜಿ ಫೈನಲ್ ಕಾಣದ ತಂಡ. ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ಅದು ಕರ್ನಾಟಕವನ್ನು 5 ರನ್ನಿನಿಂದ ಸೋಲಿಸಿತು, ಟ್ರೋಫಿಯನ್ನೂ ಗೆದ್ದಿತು, ಮರುವರ್ಷ ಉಳಿಸಿಕೊಂಡಿತು.

2013-14ರ ಅದೇ ಚಳಿಗಾಲದಲ್ಲಿ ಫೀನಿಕ್ಸ್ ಸನ್ಸ್ 48 ಪಂದ್ಯ ಗೆಲ್ಲುವ ದಾರಿಯಲ್ಲಿತ್ತು, ಏಪ್ರಿಲ್‌ನಲ್ಲಿ ಬಾಗಿಲ ಹೊರಗೆ ನಿಲ್ಲಲು. ಬಲದ ಕಾನ್ಫರೆನ್ಸಿನ ಒಂಬತ್ತನೆಯವರಿಗೆ ಅಲ್ಲಿ ದಾರಿಯಿರಲಿಲ್ಲ. ಕೆಳಗಿನ ಗುಂಪಿನ ಮೊದಲಿಗರಿಗೆ ಇಲ್ಲಿ ದಾರಿಯಿತ್ತು. ದುಲೀಪ್ ಟ್ರೋಫಿ 2022ರಲ್ಲಿ ಮತ್ತೆ ವಲಯಗಳಿಗೆ ಮರಳಿದಾಗ ಕೊಯಮತ್ತೂರಿನಲ್ಲಿ ಪಶ್ಚಿಮ ದಕ್ಷಿಣವನ್ನು ಸೋಲಿಸಿತು. ಮರುವರ್ಷ ಬೆಂಗಳೂರಿನಲ್ಲಿ ದಕ್ಷಿಣ ಪಶ್ಚಿಮವನ್ನು ಸೋಲಿಸಿತು. ಹಿಂಜವಾಡಿಯ ಚಹಾದಂಗಡಿಗಳ ಮುಂದೆ ಆ ವಾದ ಈ ಅಕ್ಟೋಬರಿನಲ್ಲೂ ನಡೆಯುತ್ತದೆ. ಉತ್ತರ ಬೇಕಾದವರು ಮೊದಲು ನೋಡಬೇಕಾದದ್ದು ವೇಳಾಪಟ್ಟಿಯನ್ನು: ಆಚೆಯವರ ಜತೆ ಪಂದ್ಯ ಎಷ್ಟಿವೆ, ಒಳಗಿನಿಂದ ಎಷ್ಟು ಜನ ಹೊರಗೆ ಬರಬಹುದು.